ತಿಪಟೂರಿನ ವಿಂಡೋಸ್ 7, ತುಮಕೂರಿನ ಮೂರು ಹೈಪರ್-ವಿ ಸರ್ವರ್‌ಗಳು

ನಾನು ಕೆಲಸ ಮಾಡುವ ಪತ್ತಿನ ಸಹಕಾರ ಸಂಘದ ಪ್ರಧಾನ ಕಚೇರಿ ತುಮಕೂರಿನಲ್ಲಿದೆ. ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮತ್ತು ತಿಪಟೂರಿನಲ್ಲಿ ಶಾಖೆಗಳಿವೆ. ಸಂಘದ ಕಂಪ್ಯೂಟರ್ ವ್ಯವಸ್ಥೆಯ ಹೊಣೆ ನನ್ನದು, ಆದರೆ ನನ್ನ ಮೇಜು ಇರುವುದು ತಿಪಟೂರು ಶಾಖೆಯಲ್ಲಿ. ಸರ್ವರ್‌ಗಳೆಲ್ಲ ತುಮಕೂರಿನ ಕಚೇರಿಯ ಹಿಂದಿನ ಕೋಣೆಯಲ್ಲಿವೆ. ಒಂದೊಂದು ಸಣ್ಣ ಕೆಲಸಕ್ಕೂ ರೈಲು ಹತ್ತಿ ತುಮಕೂರಿಗೆ ಹೋಗಿ ಬರುವುದೆಂದರೆ ಶಾಖೆಯ ಒಂದು ದಿನದ ಕೆಲಸ ನಿಂತಂತೆಯೇ. ಕೊಬ್ಬರಿ ಹರಾಜಿನ ದಿನವಾದರಂತೂ ಕೌಂಟರಿನ ಮುಂದೆ ಸಾಲು ಮುರಿಯುವುದೇ ಇಲ್ಲ. ಹಾಗಾಗಿ ಶಾಖೆ ಮತ್ತು ಪ್ರಧಾನ ಕಚೇರಿಯ ನಡುವಿನ ವಿಪಿಎನ್ (ಇಂಟರ್‌ನೆಟ್ಟಿನೊಳಗಿನ ಖಾಸಗಿ ಸುರಕ್ಷಿತ ದಾರಿ) ಮೂಲಕ ಸರ್ವರ್‌ಗಳನ್ನು ದೂರದಿಂದಲೇ ನೋಡಿಕೊಳ್ಳುವುದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದ ಪದ್ಧತಿ.

2019ರಲ್ಲಿ ಆ ಕೋಣೆಯಲ್ಲಿ ಮೂರು ತಲೆಮಾರಿನ ಸರ್ವರ್‌ಗಳು ಒಟ್ಟಿಗೆ ಓಡುತ್ತಿದ್ದವು. ಎಲ್ಲಕ್ಕಿಂತ ಹಳೆಯದರಲ್ಲಿ ವಿಂಡೋಸ್ ಸರ್ವರ್ 2008 ಆರ್2, ನಡುವಿನದರಲ್ಲಿ 2012 ಆರ್2, ಆಗಷ್ಟೇ ಖರೀದಿಸಿದ್ದರಲ್ಲಿ 2016 ಇತ್ತು. ಮೂರರಲ್ಲಿಯೂ ಒಂದೇ ಯಂತ್ರದೊಳಗೆ ವರ್ಚುವಲ್ ಮಷಿನ್ ಎಂಬ ಹಲವು ಕಾಲ್ಪನಿಕ ಕಂಪ್ಯೂಟರ್‌ಗಳನ್ನು ಓಡಿಸುವ ಮೈಕ್ರೋಸಾಫ್ಟ್‌ನ ಹೈಪರ್-ವಿ ಇದ್ದು, ಅದರೊಳಗೆ ಲೆಕ್ಕಪತ್ರದ ತಂತ್ರಾಂಶ, ಸದಸ್ಯರ ಖಾತೆಗಳ ದತ್ತಾಂಶ, ಕಡತ ಹಂಚಿಕೆ ಮುಂತಾದವು ಬೇರೆ ಬೇರೆ ವರ್ಚುವಲ್ ಮಷಿನ್‌ಗಳಾಗಿ ನಡೆಯುತ್ತಿದ್ದವು. ನನ್ನ ಮೇಜಿನ ಮೇಲಿದ್ದದ್ದು ಮಾತ್ರ ವಿಂಡೋಸ್ 7 ಪ್ರೊಫೆಷನಲ್ ಇದ್ದ ಹಳೆಯ ಕಂಪ್ಯೂಟರ್. ವಿಂಡೋಸ್ 7 ಮತ್ತು ಸರ್ವರ್ 2008 ಆರ್2 ಎರಡಕ್ಕೂ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಒಟ್ಟಿಗೇ ಮುಗಿಯಲಿತ್ತು. ಅಷ್ಟರೊಳಗೆ ಹಳೆಯ ಸರ್ವರಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಆದರೆ ಸರ್ವರಿಗೆ ಹಣ ಮಂಜೂರಾದಷ್ಟು ಸುಲಭವಾಗಿ ಶಾಖೆಯ ಕಂಪ್ಯೂಟರ್‌ಗಳಿಗೆ ಮಂಜೂರಾಗುವುದಿಲ್ಲ. ಸಣ್ಣ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗೆಲ್ಲ ಇದು ಗೊತ್ತಿರುವ ಸಂಗತಿ. ಹೊಸ ಸರ್ವರನ್ನು ಹಳೆಯ ಕಂಪ್ಯೂಟರಿನಿಂದ ನಿರ್ವಹಿಸುವ ಪ್ರಸಂಗ ಬರುವುದು ಹೀಗೆಯೇ.

ವಿಂಡೋಸ್ 7ರಲ್ಲಿ ದೂರನಿರ್ವಹಣೆಯ ಉಪಕರಣಗಳನ್ನು ಪ್ರತ್ಯೇಕವಾಗಿ ಇಳಿಸಿಕೊಂಡು, ಅನಂತರ ವಿಂಡೋಸ್ ವೈಶಿಷ್ಟ್ಯಗಳ ಪಟ್ಟಿಯಲ್ಲಿ ಹೈಪರ್-ವಿಯನ್ನು ನೋಡಿಕೊಳ್ಳುವ ಕಿಟಕಿಯಾದ ಹೈಪರ್-ವಿ ಮ್ಯಾನೇಜರನ್ನು ಆರಿಸಿಕೊಳ್ಳಬೇಕು. ನನ್ನ ಕಂಪ್ಯೂಟರಿನಲ್ಲಿ ಅದು ವರ್ಷಗಳಿಂದ ಇತ್ತು, ಅದರಿಂದ 2008 ಆರ್2 ಸರ್ವರ್ ಚೆನ್ನಾಗಿ ತೆರೆಯುತ್ತಿತ್ತು. ನಡುವಿನ ಸರ್ವರನ್ನು ಅಲ್ಲಿಯವರೆಗೆ ತುಮಕೂರಿನಲ್ಲಿದ್ದ ಸಹೋದ್ಯೋಗಿಯೊಬ್ಬರು ನೋಡಿಕೊಳ್ಳುತ್ತಿದ್ದರು, ಅವರು ನಿವೃತ್ತರಾದ ಮೇಲೆ ಅದೂ ನನ್ನ ಪಾಲಿಗೆ ಬಂತು. ಅದೇ ಮ್ಯಾನೇಜರಿನಲ್ಲಿ 2012 ಆರ್2 ಸರ್ವರಿನ ಹೆಸರು ಕೊಟ್ಟೆ. ಸಂಪರ್ಕ ಸಾಧ್ಯವಾಗಲಿಲ್ಲವೆಂದೂ, ಸರ್ವರಿನಲ್ಲಿ ವರ್ಚುವಲ್ ಮಷಿನ್ ನಿರ್ವಹಣೆಯ ಸರ್ವಿಸ್ ನಡೆಯುತ್ತಿದೆಯೇ, ನಿಮಗೆ ಸಂಪರ್ಕಿಸುವ ಅನುಮತಿ ಇದೆಯೇ ಎಂದು ಪರೀಕ್ಷಿಸಿರೆಂದೂ ಹೇಳುವ ಸಂದೇಶ ಬಂತು.

ಈ ಸಂದೇಶದ ತೊಡಕನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅದು ಸರ್ವಿಸ್ ಮತ್ತು ಅನುಮತಿ ಎಂಬ ಎರಡನ್ನೇ ಹೆಸರಿಸುತ್ತದೆ, ಆವೃತ್ತಿಯ ಸುದ್ದಿಯನ್ನೇ ಎತ್ತುವುದಿಲ್ಲ. ಓದಿದವರು ಸಹಜವಾಗಿ ಅನುಮತಿಯ ಜಾಡು ಹಿಡಿಯುತ್ತಾರೆ, ಆ ಜಾಡು ಬಹಳ ಉದ್ದವಾದದ್ದು. ನಮ್ಮಲ್ಲಿ ಎಲ್ಲ ಬಳಕೆದಾರರನ್ನೂ ಒಂದೇ ಕಡೆ ನಿರ್ವಹಿಸುವ ಡೊಮೇನ್ ಇಲ್ಲ, ಎಲ್ಲ ಕಂಪ್ಯೂಟರ್‌ಗಳೂ ವರ್ಕ್‌ಗ್ರೂಪಿನಲ್ಲಿವೆ. ಆದ್ದರಿಂದ ಎರಡೂ ಕಡೆ ಒಂದೇ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಇರಬೇಕು. ಸರ್ವರಿನಲ್ಲಿ ಆ ಬಳಕೆದಾರನು ಹೈಪರ್-ವಿ ನಿರ್ವಾಹಕರ ಗುಂಪಿನಲ್ಲೋ ಸಾಮಾನ್ಯ ನಿರ್ವಾಹಕರ ಗುಂಪಿನಲ್ಲೋ ಇರಬೇಕು. ಸರ್ವರಿನ ಫೈರ್‌ವಾಲಿನಲ್ಲಿ ಡಬ್ಲ್ಯುಎಂಐ (ವಿಂಡೋಸ್ ಯಂತ್ರವನ್ನು ವಿಚಾರಿಸಿ ನಿರ್ವಹಿಸುವ ವ್ಯವಸ್ಥೆ) ನಿಯಮಗಳು ತೆರೆದಿರಬೇಕು. ಹಳೆಯ ಮ್ಯಾನೇಜರ್ ಡಿಕಾಂ ಎಂಬ ಪದ್ಧತಿಯಲ್ಲಿ ಮಾತನಾಡುವುದರಿಂದ ಸಂಪರ್ಕದ ಬಾಗಿಲಿನಂತಿರುವ 135ನೆಯ ಪೋರ್ಟಿನ ಜೊತೆಗೆ ಆಗಾಗ ಬದಲಾಗುವ ಇನ್ನಷ್ಟು ಪೋರ್ಟುಗಳೂ ಬೇಕಾಗುತ್ತವೆ. ಸಾಲದ್ದಕ್ಕೆ ಸರ್ವರ್ ಮರಳಿ ಕರೆ ಮಾಡುವಾಗ ನಮ್ಮ ಕಂಪ್ಯೂಟರ್ ಅದನ್ನು ಒಪ್ಪಿಕೊಳ್ಳಬೇಕಾದ್ದರಿಂದ, ಡಿಕಾಂ ಭದ್ರತೆಯಲ್ಲಿ ಅನಾಮಧೇಯ ಲಾಗಾನ್‌ಗೆ ದೂರಪ್ರವೇಶವನ್ನೂ ಕೊಡಬೇಕಾಗುತ್ತದೆ. ಇವುಗಳಲ್ಲಿ ಒಂದೊಂದನ್ನೂ ನೋಡಿ ಸರಿಯಿದೆಯೆಂದು ಖಚಿತಪಡಿಸಿಕೊಂಡೆ. ಆದರೂ ಅದೇ ಸಂದೇಶ.

ಒಂದು ಅಂಶ ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಅದೇ ಕಂಪ್ಯೂಟರ್, ಅದೇ ಬಳಕೆದಾರ, ಅದೇ ವಿಪಿಎನ್ ದಾರಿ. 2008 ಆರ್2 ತೆರೆಯುತ್ತದೆ, 2012 ಆರ್2 ತೆರೆಯುವುದಿಲ್ಲ. ದೋಷ ನನ್ನ ಕಡೆಯ ಅನುಮತಿಯದಾಗಿದ್ದರೆ ಎರಡೂ ನಿಲ್ಲಬೇಕಿತ್ತು. ಸರ್ವರಿನ ಕಡೆಯದಾಗಿದ್ದರೆ ಅದನ್ನು ಹೈಪರ್-ವಿಯನ್ನು ಬಿಟ್ಟು ಬೇರೆ ರೀತಿಯಲ್ಲಿ ಪರೀಕ್ಷಿಸಬಹುದಿತ್ತು. ಅದಕ್ಕೆ ವಿಂಡೋಸ್‌ನಲ್ಲೇ ಡಬ್ಲ್ಯುಬೆಮ್‌ಟೆಸ್ಟ್ ಎಂಬ ಚಿಕ್ಕ, ನೋಡಲು ಬಹಳ ಹಳೆಯದಾದ ಕಿಟಕಿಯೊಂದಿದೆ. ರನ್ ಪೆಟ್ಟಿಗೆಯಲ್ಲಿ ಅದರ ಹೆಸರು ಬರೆದರೆ ತೆರೆಯುತ್ತದೆ. ಕನೆಕ್ಟ್ ಗುಂಡಿ ಒತ್ತಿ ಮೇಲಿನ ಸಾಲಿನಲ್ಲಿ ಸರ್ವರಿನ ಹೆಸರು ಮತ್ತು ನೇಮ್‌ಸ್ಪೇಸನ್ನು, ಅಂದರೆ ಡಬ್ಲ್ಯುಎಂಐನ ಯಾವ ವಿಭಾಗ ಬೇಕೆಂಬುದನ್ನು ಬರೆಯಬೇಕು. ಮೊದಲು ಎಲ್ಲ ವಿಂಡೋಸ್‌ಗಳಲ್ಲೂ ಇರುವ ರೂಟ್\ಸಿಮ್‌ವಿ2 ಕೊಟ್ಟೆ. ತಕ್ಷಣ ಸಂಪರ್ಕವಾಗಿ ಕೆಳಗಿನ ಗುಂಡಿಗಳೆಲ್ಲ ಜೀವ ಪಡೆದವು. ಅಂದರೆ ಪಾಸ್‌ವರ್ಡ್, ಫೈರ್‌ವಾಲ್, ಡಿಕಾಂ ಯಾವುದರಲ್ಲೂ ತೊಂದರೆಯಿಲ್ಲ. ಅನಂತರ ರೂಟ್\ವರ್ಚುವಲೈಸೇಶನ್ ಎಂದು ಕೊಟ್ಟೆ. ಇನ್‌ವ್ಯಾಲಿಡ್ ನೇಮ್‌ಸ್ಪೇಸ್ ಎಂಬ ಉತ್ತರ ಬಂತು. ಕೊನೆಗೆ ಅದರ ಮುಂದೆ \ವಿ2 ಸೇರಿಸಿ ಕೊಟ್ಟೆ, ಸಂಪರ್ಕವಾಯಿತು.

ಕಾರಣ ಅಲ್ಲೇ ಕಣ್ಣೆದುರಿಗಿತ್ತು. ಹೈಪರ್-ವಿಯನ್ನು ನಿರ್ವಹಿಸುವ ಎಲ್ಲ ಉಪಕರಣಗಳೂ ಒಳಗೊಳಗೆ ಡಬ್ಲ್ಯುಎಂಐ ಎಂಬ ವ್ಯವಸ್ಥೆಯ ಮೂಲಕವೇ ಸರ್ವರಿನೊಂದಿಗೆ ವ್ಯವಹರಿಸುತ್ತವೆ. 2008 ಮತ್ತು 2008 ಆರ್2ಗಳಲ್ಲಿ ಆ ವ್ಯವಹಾರ ರೂಟ್\ವರ್ಚುವಲೈಸೇಶನ್ ಎಂಬ ನೇಮ್‌ಸ್ಪೇಸಿನಲ್ಲಿ ನಡೆಯುತ್ತಿತ್ತು. ಸರ್ವರ್ 2012 ಬಂದಾಗ ಮೈಕ್ರೋಸಾಫ್ಟ್ ವಿ2 ಎಂಬ ಹೊಸ ನೇಮ್‌ಸ್ಪೇಸನ್ನು ತಂದು, ಹಳೆಯದನ್ನೂ ಸ್ವಲ್ಪ ಕಾಲ ಉಳಿಸಿಕೊಂಡಿತು. 2013ರಲ್ಲಿ ಬಂದ 2012 ಆರ್2ರಲ್ಲಿ ಹಳೆಯದನ್ನು ಪೂರ್ತಿಯಾಗಿ ತೆಗೆದುಹಾಕಿತು. ಮನೆಯ ಮುಂಬಾಗಿಲನ್ನು ಗೋಡೆ ಕಟ್ಟಿ ಮುಚ್ಚಿ ಪಕ್ಕದಲ್ಲಿ ಹೊಸ ಬಾಗಿಲಿಟ್ಟ ಮೇಲೆ, ಹಳೆಯ ಬೀಗದ ಕೈ ಎಷ್ಟು ಸರಿಯಾಗಿದ್ದರೂ ಪ್ರಯೋಜನವಿಲ್ಲ. ವಿಂಡೋಸ್ 7ರ ಮ್ಯಾನೇಜರಿಗೆ ಗೊತ್ತಿರುವುದು ಹಳೆಯ ನೇಮ್‌ಸ್ಪೇಸ್ ಮಾತ್ರ. ಯಾವ ಅನುಮತಿ ಕೊಟ್ಟರೂ ಅದು 2012 ಆರ್2ರೊಂದಿಗೆ ಮಾತನಾಡಲಾರದು.

ಇದು ತಿಳಿದ ಮೇಲೆ ಯಾವ ಕಂಪ್ಯೂಟರಿನಿಂದ ಯಾವ ಸರ್ವರ್ ಎಂಬ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ವಿಂಡೋಸ್ 7ರ ಮ್ಯಾನೇಜರಿಗೆ 2008 ಮತ್ತು 2008 ಆರ್2 ಮಾತ್ರ. ವಿಂಡೋಸ್ 8.1ರದ್ದಕ್ಕೆ 2012 ಮತ್ತು 2012 ಆರ್2. 2008 ಆರ್2 ಆಗುವುದಿಲ್ಲ, 2016 ಅದರ ಬೆಂಬಲದ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರದ್ದಕ್ಕೆ 2012, 2012 ಆರ್2 ಮತ್ತು 2016 ಮೂರೂ ಸಾಧ್ಯ, ಆದರೆ 2008 ಆರ್2 ಅಲ್ಲಿಯೂ ಇಲ್ಲ. ನಮ್ಮ ಕೋಣೆಯ ಮೂರು ಸರ್ವರ್‌ಗಳನ್ನು ಒಟ್ಟಿಗೆ ತೋರಿಸುವ ಒಂದೇ ಒಂದು ಮ್ಯಾನೇಜರ್ ಯಾವ ವಿಂಡೋಸ್‌ನಲ್ಲಿಯೂ ಇಲ್ಲವೆಂಬುದು ಆ ಹಾಳೆಯಿಂದ ಸ್ಪಷ್ಟವಾಯಿತು. ಇಂಥ ಹಾಳೆಯೊಂದು ಗೋಡೆಯ ಮೇಲಿದ್ದರೆ ಅನುಮತಿಗಳ ಜಾಡಿನಲ್ಲಿ ಅಲೆಯುವ ಶ್ರಮ ಎಷ್ಟೋ ಉಳಿಯುತ್ತದೆ. ಆವೃತ್ತಿಗಳನ್ನು ಮೊದಲು ನೋಡಿ ಅನುಮತಿಗಳನ್ನು ಆಮೇಲೆ ನೋಡುವುದೇ ಸರಿಯಾದ ಕ್ರಮವೆಂದು ನಾನು ಈಗ ಯಾರು ಕೇಳಿದರೂ ಹೇಳುತ್ತೇನೆ.

ಹೊಸ ಕಂಪ್ಯೂಟರ್ ಬರುವವರೆಗೆ ಕೈಕಟ್ಟಿ ಕೂರುವಂತಿರಲಿಲ್ಲ. ಮ್ಯಾನೇಜರ್ ಎಂಬ ಕಿಟಕಿಗೆ ಆವೃತ್ತಿಯ ಬಂಧನವಿದೆ. ಆದರೆ ವಿಂಡೋಸ್‌ನಲ್ಲಿ ಆಜ್ಞೆ ಬರೆಯುವ ಸಾಧನವಾದ ಪವರ್‌ಶೆಲ್‌ನ ರಿಮೋಟಿಂಗ್‌ಗೆ ಆ ಬಂಧನ ಇಲ್ಲ. ಕಾರಣ ಸರಳ. ರಿಮೋಟಿಂಗ್‌ನಲ್ಲಿ ನಾವು ಬರೆದ ಆಜ್ಞೆ ಸರ್ವರಿನಲ್ಲಿಯೇ, ಸರ್ವರಿನದೇ ಹೈಪರ್-ವಿ ಮಾಡ್ಯೂಲಿನಿಂದ (ಆಜ್ಞೆಗಳ ಕಟ್ಟಿನಿಂದ) ನಡೆಯುತ್ತದೆ, ನಮ್ಮ ಕಂಪ್ಯೂಟರಿಗೆ ಬರುವುದು ಅದರ ಫಲಿತಾಂಶ ಮಾತ್ರ. ವಿಂಡೋಸ್ 7ರ ಜೊತೆಗೇ ಬರುವ ಪವರ್‌ಶೆಲ್ 2.0ಗೆ ಹೈಪರ್-ವಿ ಎಂದರೇನೆಂದು ಗೊತ್ತಿರದಿದ್ದರೂ ನಡೆಯುತ್ತದೆ. ಸರ್ವರ್ 2012ರಿಂದ ಮುಂದಿನ ಆವೃತ್ತಿಗಳಲ್ಲಿ ದೂರನಿರ್ವಹಣೆ ಮೊದಲೇ ಚಾಲೂ ಇರುತ್ತದೆ, ಬೇಕಾಗುವ ಪೋರ್ಟೂ 5985 ಎಂಬ ಒಂದೇ. ಡಿಕಾಂನ ಬದಲಾಗುವ ಪೋರ್ಟುಗಳ ಗೋಜಲನ್ನು ಅನುಭವಿಸಿದವರಿಗೆ ಈ ಒಂದೇ ಪೋರ್ಟು ದೊಡ್ಡ ನೆಮ್ಮದಿ.

ವರ್ಕ್‌ಗ್ರೂಪಿನಲ್ಲಿರುವ ಕಂಪ್ಯೂಟರಿನಿಂದ ಹೀಗೆ ಸಂಪರ್ಕಿಸಬೇಕಾದರೆ ಸರ್ವರಿನ ಹೆಸರನ್ನು ನಮ್ಮ ಕಂಪ್ಯೂಟರಿನ ಟ್ರಸ್ಟೆಡ್‌ಹೋಸ್ಟ್ಸ್ ಪಟ್ಟಿಗೆ ಸೇರಿಸಬೇಕು. ಅಲ್ಲಿ ನಕ್ಷತ್ರಚಿಹ್ನೆ ಹಾಕಿ ಲೋಕದ ಎಲ್ಲ ಯಂತ್ರಗಳನ್ನೂ ನಂಬಿಬಿಡುವ ಸಲಹೆ ಬಹಳ ಕಡೆ ಕಾಣುತ್ತದೆ. ಸದಸ್ಯರ ಠೇವಣಿಯ ಲೆಕ್ಕ ಇಟ್ಟಿರುವ ಸಂಸ್ಥೆಯಲ್ಲಿ ಹಾಗೆ ಮಾಡಬಾರದು, ನಮಗೆ ಬೇಕಾದ ಎರಡು ಸರ್ವರ್‌ಗಳ ಹೆಸರಷ್ಟೇ ಸಾಕು. ಶಾಖೆಯಲ್ಲಿ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್ಎಸ್ ಇಲ್ಲದ್ದರಿಂದ ಆ ಹೆಸರುಗಳನ್ನು ಹೋಸ್ಟ್ಸ್ ಕಡತದಲ್ಲಿಯೂ ಐಪಿ ವಿಳಾಸದೊಂದಿಗೆ ಬರೆದೆ. ಆಗಲೂ ತಿಪಟೂರಿನಿಂದ ಸಂಪರ್ಕವಾಗಲಿಲ್ಲ, ತುಮಕೂರಿನ ಕಚೇರಿಯೊಳಗಿನ ಕಂಪ್ಯೂಟರಿನಿಂದ ಮಾತ್ರ ಆಗುತ್ತಿತ್ತು. ಸರ್ವರಿನಲ್ಲಿ ನೆಟ್‌ವರ್ಕ್ ವರ್ಗ ಪಬ್ಲಿಕ್ ಎಂದಿತ್ತು. ಆ ವರ್ಗದಲ್ಲಿ 5985ನೆಯ ಪೋರ್ಟಿನ ಫೈರ್‌ವಾಲ್ ನಿಯಮವು ಅದೇ ಸಬ್‌ನೆಟ್ಟಿನ, ಅಂದರೆ ಅದೇ ಸ್ಥಳೀಯ ಜಾಲದ ಯಂತ್ರಗಳನ್ನಷ್ಟೇ ಒಳಬಿಡುತ್ತದೆ. ನಮ್ಮ ಶಾಖೆ ವಿಪಿಎನ್‌ನ ಆಚೆ ಬೇರೆ ಸಬ್‌ನೆಟ್ಟಿನಲ್ಲಿದೆ. ನಿಯಮದಲ್ಲಿ ತಿಪಟೂರು ಶಾಖೆಯ ಸಬ್‌ನೆಟ್ಟನ್ನು ಮಾತ್ರ ಸೇರಿಸಿದೆ. ಎಂಟರ್-ಪಿಎಸ್‌ಸೆಷನ್ ಎಂದು ಬರೆದು ಪಾಸ್‌ವರ್ಡ್ ಕೊಟ್ಟಾಗ ಸಾಲಿನ ಆರಂಭದಲ್ಲಿ ತುಮಕೂರಿನ ಸರ್ವರಿನ ಹೆಸರು ಬಂತು. ಗೆಟ್-ವಿಎಂ ಎಂದ ಕೂಡಲೇ ವರ್ಚುವಲ್ ಮಷಿನ್‌ಗಳ ಪಟ್ಟಿ, ಯಾವುದು ಓಡುತ್ತಿದೆ, ಎಷ್ಟು ಮೆಮೊರಿ ತೆಗೆದುಕೊಂಡಿದೆ ಎಂಬ ವಿವರಗಳೊಂದಿಗೆ ಆ ಹಳೆಯ ಕಂಪ್ಯೂಟರಿನ ಪರದೆಯ ಮೇಲೆ ಇಳಿಯಿತು. 2016ರ ಸರ್ವರ್ ಕೂಡ ಇದೇ ದಾರಿಯಲ್ಲಿ ತೆರೆಯಿತು. ಮ್ಯಾನೇಜರಿನ ಕಿಟಕಿಗಿಂತ ಈ ಬರಿಯ ಅಕ್ಷರಗಳ ದಾರಿ ನಮ್ಮ ನಿಧಾನದ ಸಂಪರ್ಕಕ್ಕೆ ಹೆಚ್ಚು ಒಗ್ಗುತ್ತದೆ ಎಂಬುದು ಅನಂತರದ ತಿಂಗಳುಗಳಲ್ಲಿ ಮನವರಿಕೆಯಾಯಿತು.

ಸಾಗಿಸುವ ಕೆಲಸ ಶುರುವಾದದ್ದು ಇಲ್ಲಿಂದ. 2008 ಆರ್2ರಲ್ಲಿ ಎಕ್ಸ್‌ಪೋರ್ಟ್ ಮಾಡಿದ ವರ್ಚುವಲ್ ಮಷಿನನ್ನು 2012 ಆರ್2 ಇಂಪೋರ್ಟ್ ಮಾಡಿಕೊಳ್ಳುವುದಿಲ್ಲ. ಆ ಎಕ್ಸ್‌ಪೋರ್ಟ್ ಹಳೆಯ ನೇಮ್‌ಸ್ಪೇಸಿನ ರೂಪದಲ್ಲಿರುವುದೇ ಅದಕ್ಕೂ ಕಾರಣ. ನಾನು ಹಿಡಿದ ಕ್ರಮವೆಂದರೆ ಹಳೆಯ ಸರ್ವರಿನಲ್ಲಿ ವರ್ಚುವಲ್ ಮಷಿನನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಅದರ ಡಿಸ್ಕ್ ಕಡತವಾದ ವಿಎಚ್‌ಡಿಯನ್ನು ಮಾತ್ರ ಹೊಸ ಕಡೆಗೆ ನಕಲು ಮಾಡಿ, ಅಲ್ಲಿ ಹೊಸ ವರ್ಚುವಲ್ ಮಷಿನ್ ಮಾಡಿ ಆ ಡಿಸ್ಕನ್ನು ಜೋಡಿಸುವುದು. 2012ರಿಂದ ವಿಎಚ್‌ಡಿಎಕ್ಸ್ ಎಂಬ ಉತ್ತಮ ರೂಪ ಬಂದಿದೆ, ವಿಎಚ್‌ಡಿಯ 2 ಟೆರಾಬೈಟ್ ಮಿತಿಗೆ ಬದಲಾಗಿ ಅದರಲ್ಲಿ 64 ಟೆರಾಬೈಟ್‌ವರೆಗೆ ಅವಕಾಶವಿದೆ. ಆದರೂ ಸಾಗಣೆಯ ಸಮಯದಲ್ಲಿ ರೂಪ ಬದಲಿಸಲಿಲ್ಲ. ಏನಾದರೂ ಎಡವಟ್ಟಾದರೆ ಹಿಂದಕ್ಕೆ ಹೋಗಬೇಕಾಗುತ್ತದೆ, 2008 ಆರ್2ಗೆ ವಿಎಚ್‌ಡಿಎಕ್ಸ್ ಓದಲು ಬರುವುದಿಲ್ಲ.

ನಕಲು ಮಾಡುವಾಗ ಇನ್ನೊಂದು ಅಡ್ಡಿ ಬಂತು. ತಿಪಟೂರಿನಿಂದ 2012 ಆರ್2 ಸರ್ವರಿನೊಳಗೆ ರಿಮೋಟಿಂಗ್ ಮೂಲಕ ಹೋಗಿ, ಅಲ್ಲಿಂದ ಹಳೆಯ ಸರ್ವರಿನ ಹಂಚಿಕೆಯ ಫೋಲ್ಡರನ್ನು ತೆರೆಯಲು ಹೋದರೆ ಪ್ರವೇಶವಿಲ್ಲ ಎಂಬ ಉತ್ತರ ಬರುತ್ತಿತ್ತು. ಅದೇ ಸರ್ವರಿನ ಮುಂದೆ ಕುಳಿತವರಿಗೆ ಅದೇ ಫೋಲ್ಡರ್ ತೆರೆಯುತ್ತಿತ್ತು. ಇಲ್ಲಿಯೂ ಸಂದೇಶ ಅನುಮತಿಯದ್ದು, ಕಾರಣ ಬೇರೆಯದು. ರಿಮೋಟಿಂಗ್ ಸೆಷನ್ನಿಗೆ ನಮ್ಮ ಗುರುತು ಮಾತ್ರ ತಲುಪುತ್ತದೆ, ಪಾಸ್‌ವರ್ಡ್ ತಲುಪುವುದಿಲ್ಲ. ಹಾಗಾಗಿ ಆ ಸರ್ವರ್ ನಮ್ಮ ಪರವಾಗಿ ಮೂರನೆಯ ಯಂತ್ರದ ಬಳಿ ಹೋಗಿ ಲಾಗಿನ್ ಆಗಲಾರದು. ಇದನ್ನು ಡಬಲ್ ಹಾಪ್ ಸಮಸ್ಯೆ ಎನ್ನುತ್ತಾರೆ. ಸೆಷನ್ನಿನ ಒಳಗಿನಿಂದಲೇ ನೆಟ್ ಯೂಸ್ ಆಜ್ಞೆಯಲ್ಲಿ ಹಳೆಯ ಸರ್ವರಿನ ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಫೋಲ್ಡರನ್ನು ಜೋಡಿಸಿಕೊಂಡಾಗ ನಕಲು ನಡೆಯಿತು. ಸಂಜೆ ಕೌಂಟರ್ ಮುಚ್ಚಿದ ಮೇಲೆ ನಕಲು ಹಚ್ಚಿದರೆ ಬೆಳಗ್ಗೆಗೆ ಮುಗಿದಿರುತ್ತಿತ್ತು. ನಡುವೆ ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟ ಒಂದು ರಾತ್ರಿಯ ಕೆಲಸವನ್ನು ಮಾತ್ರ ಮರುದಿನ ಮತ್ತೆ ಮಾಡಬೇಕಾಯಿತು.

ಹಳೆಯ ಸರ್ವರಿನಿಂದ ನೇರವಾಗಿ 2016ಕ್ಕೆ ಹೋಗದೆ ನಡುವಿನ 2012 ಆರ್2ರಲ್ಲಿ ಒಮ್ಮೆ ತಂಗಿಸಿದ್ದಕ್ಕೆ ಒಂದು ಕಾರಣವಿದೆ. ವರ್ಚುವಲ್ ಮಷಿನಿನೊಳಗಿನ ವಿಂಡೋಸ್‌ಗೆ ಇಂಟಿಗ್ರೇಶನ್ ಸರ್ವಿಸಸ್ ಎಂಬ ಚಾಲಕಗಳ (ಡ್ರೈವರ್‌ಗಳ) ಗುಂಪು ಬೇಕು. ಗಡಿಯಾರ ಸರಿಯಾಗಿರಲು, ಸರ್ವರ್ ಹೇಳಿದಾಗ ಕ್ರಮವಾಗಿ ಶಟ್‌ಡೌನ್ ಆಗಲು, ನೆಟ್‌ವರ್ಕ್ ವೇಗವಾಗಿ ನಡೆಯಲು ಅದೇ ಆಧಾರ. 2012 ಆರ್2ರವರೆಗೆ ಅದರ ಡಿಸ್ಕ್ ಕಡತ ವಿಎಂಗೆಸ್ಟ್ ಎಂಬ ಹೆಸರಿನಲ್ಲಿ ಸರ್ವರಿನಲ್ಲಿಯೇ ಇರುತ್ತಿತ್ತು. 2016ರಲ್ಲಿ ಅದನ್ನು ತೆಗೆದು, ಒಳಗಿನ ವಿಂಡೋಸ್ ತನ್ನ ಅಪ್‌ಡೇಟ್ ಮೂಲಕ ಪಡೆಯಬೇಕೆಂದು ಮಾಡಿದ್ದಾರೆ. ನಮ್ಮ ಲೆಕ್ಕಪತ್ರದ ವರ್ಚುವಲ್ ಮಷಿನ್ ಇಂಟರ್‌ನೆಟ್ಟಿಗೆ ಹೋಗುವುದೇ ಇಲ್ಲ. ಆದ್ದರಿಂದ 2012 ಆರ್2ರಲ್ಲಿರುವಾಗಲೇ ಪವರ್‌ಶೆಲ್‌ನಿಂದ ಆ ಡಿಸ್ಕನ್ನು ವರ್ಚುವಲ್ ಡಿವಿಡಿ ಡ್ರೈವಿಗೆ ಹಾಕಿ, ಚಾಲಕಗಳನ್ನು ಹೊಸದಾಗಿಸಿಕೊಂಡದ್ದು ಉಪಯೋಗವಾಯಿತು.

ಡಿಸ್ಕನ್ನು ಹೊಸ ವರ್ಚುವಲ್ ಮಷಿನ್ನಿಗೆ ಜೋಡಿಸಿದಾಗ ಒಳಗಿನ ವಿಂಡೋಸ್‌ಗೆ ನೆಟ್‌ವರ್ಕ್ ಕಾರ್ಡ್ ಹೊಸದಾಗಿ ಕಾಣುತ್ತದೆ. ಮೊದಲಿನ ಸ್ಥಿರ ಐಪಿ ವಿಳಾಸ, ಈಗ ಇಲ್ಲದ ಹಳೆಯ ಕಾರ್ಡಿನ ಹೆಸರಿನಲ್ಲಿಯೇ ಉಳಿದುಬಿಡುತ್ತದೆ. ಹೊಸ ಕಾರ್ಡಿಗೆ ವಿಳಾಸವಿಲ್ಲದ ಮೇಲೆ ರಿಮೋಟ್ ಡೆಸ್ಕ್‌ಟಾಪಿನಿಂದ ಅದರೊಳಗೆ ಹೋಗಲಾಗದು. ಆಗ ಬೇಕಾಗುವುದು ವರ್ಚುವಲ್ ಮಷಿನಿನ ಪರದೆಯನ್ನೇ ತೋರಿಸುವ ವಿಎಂಕನೆಕ್ಟ್ ಎಂಬ ಕನ್ಸೋಲ್. ಅದು ಸರ್ವರಿನ 2179ನೆಯ ಪೋರ್ಟಿನಲ್ಲಿ ಮಾತನಾಡುತ್ತದೆ. ಇದು ರಿಮೋಟಿಂಗ್‌ನಿಂದ ಆಗುವ ಕೆಲಸವಲ್ಲ. ವಿಂಡೋಸ್ 7ರ ವಿಎಂಕನೆಕ್ಟ್ ಕೂಡ ಅದರ ಮ್ಯಾನೇಜರಿನಂತೆಯೇ ಹಳೆಯ ನೇಮ್‌ಸ್ಪೇಸನ್ನೇ ಹುಡುಕುತ್ತದೆ. ನನ್ನ ಹಳೆಯ ಕಂಪ್ಯೂಟರಿನ ಮಿತಿ ನಿಜವಾಗಿ ತಟ್ಟಿದ್ದು ಇಲ್ಲಿಯೇ. ಬೆಳಗ್ಗೆ ಕಾರ್ಯದರ್ಶಿಯವರು ಫೋನ್ ಮಾಡಿದ್ದರು.

"ಕೌಂಟರ್ ತೆಗೆಯೋಕೆ ಮುಂಚೆ ಆಗುತ್ತೇನ್ರೀ? ಸದಸ್ಯರು ಆಗಲೇ ಬಂದು ನಿಂತಿದ್ದಾರೆ."

"ಸರ್, ಇವತ್ತು ಹಳೆಯ ಸರ್ವರಿನಲ್ಲೇ ಲೆಕ್ಕ ನಡೆಸೋಣ. ಅದನ್ನ ಹಾಗೇ ಇಟ್ಟಿದ್ದೀನಿ, ಈಗಲೇ ಆನ್ ಮಾಡಿಕೊಡ್ತೀನಿ. ತುಮಕೂರಿನಲ್ಲಿ ಒಂದು ವಿಂಡೋಸ್ 10 ಕಂಪ್ಯೂಟರ್ ಸರ್ವರ್ ಕೋಣೆಗೆ ಅಂತಲೇ ಇಟ್ಟುಬಿಟ್ಟರೆ ಇಂಥದ್ದು ಮುಂದೆ ಆಗಲ್ಲ ಸರ್."

"ಶಾಖೆಗೆಲ್ಲ ಬೇಡ, ಒಂದೇ ಸಾಕಲ್ವಾ?"

"ಒಂದೇ ಸಾಕು ಸರ್."

ಆ ಒಂದು ಕಂಪ್ಯೂಟರ್ ಬಂತು. ವಿಂಡೋಸ್ 10ರ ಹೋಮ್ ಆವೃತ್ತಿಯಲ್ಲಿ ಹೈಪರ್-ವಿ ನಿರ್ವಹಣೆಯ ಉಪಕರಣಗಳು ಸಿಗುವುದಿಲ್ಲವೆಂದು ಮೊದಲೇ ತಿಳಿಸಿ ಪ್ರೊ ಆವೃತ್ತಿಯನ್ನೇ ತರಿಸಿದೆ. ಆ ಕಂಪ್ಯೂಟರಿನಲ್ಲಿ ಹೈಪರ್-ವಿಯನ್ನೇ ಓಡಿಸಬೇಕಿಲ್ಲ. ವೈಶಿಷ್ಟ್ಯಗಳ ಪಟ್ಟಿಯಲ್ಲಿ ನಿರ್ವಹಣೆಯ ಉಪಕರಣಗಳನ್ನಷ್ಟೇ ಆರಿಸಿದರೆ ಸಾಕು, ಅದಕ್ಕೆ ಪ್ರೊಸೆಸರಿನ ವಿಶೇಷ ಸಾಮರ್ಥ್ಯವೂ ಬೇಕಾಗಿಲ್ಲ. ಅಂದಿನಿಂದ ತಿಪಟೂರಿನ ವಿಂಡೋಸ್ 7ರಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಆ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಮ್ಯಾನೇಜರನ್ನೂ ಕನ್ಸೋಲನ್ನೂ ತೆರೆಯುವುದೇ ನನ್ನ ದಾರಿಯಾಯಿತು. ಅದೇ ಸಂಜೆ ಲೆಕ್ಕಪತ್ರದ ವರ್ಚುವಲ್ ಮಷಿನಿನ ಕನ್ಸೋಲ್ ತೆರೆದೆ. ಪರದೆಯೊಳಗಿನ ಪರದೆಯಲ್ಲಿ ಮೌಸ್ ತಡವಾಗಿ ಚಲಿಸುತ್ತಿದ್ದುದರಿಂದ ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಎಸ್‌ಎಚ್ ಆಜ್ಞೆ ಬರೆದು ಹಳೆಯ ವಿಳಾಸವನ್ನು ಹೊಸ ಕಾರ್ಡಿಗೆ ಕೊಟ್ಟೆ. ಮರುದಿನ ಎಲ್ಲ ಶಾಖೆಗಳೂ ಹೊಸ ಸರ್ವರಿನ ಮೇಲೆ ಕೆಲಸ ಆರಂಭಿಸಿದವು.

ವಿಂಡೋಸ್ 10ರ ಮ್ಯಾನೇಜರ್ ಡಿಕಾಂ ಬಿಟ್ಟು ರಿಮೋಟಿಂಗ್ ಬಳಸುವ ವಿನ್‌ಆರ್‌ಎಂ ದಾರಿಯಲ್ಲಿಯೇ ಹೋಗುತ್ತದೆ. ಬೇರೆ ಬಳಕೆದಾರನಾಗಿ ಸಂಪರ್ಕಿಸುವ ಅವಕಾಶವೂ ಅದರಲ್ಲಿದೆ, ಆದ್ದರಿಂದ ಎರಡೂ ಕಡೆ ಒಂದೇ ಪಾಸ್‌ವರ್ಡ್ ಇಡುವ ಹಳೆಯ ಕಟ್ಟುಪಾಡು ತಪ್ಪಿತು. ಪವರ್‌ಶೆಲ್‌ನಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ವಿಂಡೋಸ್ 10ರಲ್ಲಿ ಹೈಪರ್-ವಿ ಮಾಡ್ಯೂಲ್ 2.0 ತಾನಾಗಿ ಬರುತ್ತದೆ, ಅದರಿಂದ ನೇರವಾಗಿ 2012 ಆರ್2 ಸರ್ವರಿನ ಪಟ್ಟಿ ಕೇಳಿದರೆ, ಈ ಮಾಡ್ಯೂಲಿನಿಂದ ಆ ಸರ್ವರನ್ನು ನಿರ್ವಹಿಸಲಾಗದು, ಹೊಂದುವ ಆವೃತ್ತಿಯನ್ನು ಬಳಸಿ ಅಥವಾ ರಿಮೋಟಿಂಗ್ ಮೂಲಕ ಹೋಗಿ ಎಂಬ ಉತ್ತರ ಬರುತ್ತದೆ. ಹೊಂದುವ ಆವೃತ್ತಿಯಾದ 1.1 ಕೂಡ ಅದೇ ವಿಂಡೋಸ್ 10ರಲ್ಲಿ ಇರುತ್ತದೆ. ಇಂಪೋರ್ಟ್-ಮಾಡ್ಯೂಲ್ ಆಜ್ಞೆಯಲ್ಲಿ 1.1 ಎಂದು ಹೆಸರಿಸಿ ಕರೆಯಬೇಕು. ಈ ಸಂದೇಶವನ್ನು ನಾನು ಮನಸಾರೆ ಮೆಚ್ಚಿದೆ. ಕಾರಣವನ್ನೂ ಪರಿಹಾರವನ್ನೂ ಒಂದೇ ಕಡೆ ಹೇಳುತ್ತದೆ. ವಿಂಡೋಸ್ 7ರ ಮ್ಯಾನೇಜರ್ ಕೂಡ ಹೀಗೆಯೇ ಹೇಳಿದ್ದರೆ ಎಷ್ಟು ಜನರ ಎಷ್ಟು ಹೊತ್ತು ಉಳಿಯುತ್ತಿತ್ತೋ.

ಹಳೆಯ 2008 ಆರ್2 ಸರ್ವರಿಗೆ ಈ ಹೊಸ ಕಂಪ್ಯೂಟರಿನ ಮ್ಯಾನೇಜರ್ ಆಗುವುದಿಲ್ಲ, ಅಲ್ಲಿಂದ ಹೋಗುವುದಾದರೆ ರಿಮೋಟ್ ಡೆಸ್ಕ್‌ಟಾಪ್ ಮಾತ್ರ ಉಳಿದ ದಾರಿ. ಅಲ್ಲಿಯೂ ತಡೆ ಬಂತು. ರಿಮೋಟ್ ಡೆಸ್ಕ್‌ಟಾಪ್ ಬಳಸುವ ಕ್ರೆಡ್‌ಎಸ್‌ಎಸ್‌ಪಿ ಎಂಬ ದೃಢೀಕರಣ ವಿಧಾನದಲ್ಲಿ 2018ರಲ್ಲಿ ಗಂಭೀರ ಭದ್ರತಾ ದೋಷವೊಂದು ಬೆಳಕಿಗೆ ಬಂದಿತ್ತು. ಆ ವರ್ಷದ ಮೇ ತಿಂಗಳ ಅಪ್‌ಡೇಟ್ ಆದಮೇಲೆ, ಅಪ್‌ಡೇಟ್ ಪಡೆದ ಕಂಪ್ಯೂಟರ್‌ಗಳು ಅಪ್‌ಡೇಟ್ ಪಡೆಯದ ಸರ್ವರ್‌ಗಳಿಗೆ ಸಂಪರ್ಕಿಸಲು ನಿರಾಕರಿಸುತ್ತವೆ. ನಮ್ಮ ಹಳೆಯ ಸರ್ವರ್ ಬಹಳ ಕಾಲದಿಂದ ಅಪ್‌ಡೇಟ್ ಕಂಡಿರಲಿಲ್ಲ. ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯ ಬದಲಿಸಿ ಹೊಸ ಕಂಪ್ಯೂಟರಿನ ಆ ರಕ್ಷಣೆಯನ್ನೇ ತೆಗೆದುಹಾಕಬಹುದು, ಹಾಗೆ ಮಾಡಿ ಎನ್ನುವವರು ಬಹಳ ಮಂದಿ. ಒಂದು ಹಳೆಯ ಸರ್ವರಿಗಾಗಿ, ಎಲ್ಲ ಸರ್ವರ್‌ಗಳ ಬಾಗಿಲಲ್ಲಿ ಇರುವ ಕಂಪ್ಯೂಟರಿನ ರಕ್ಷಣೆಯನ್ನು ಇಳಿಸುವುದು ತಕ್ಕುದಲ್ಲವೆಂದು ನಾನು ಸರ್ವರಿಗೇ ಅಪ್‌ಡೇಟ್ ಹಾಕುವ ದಾರಿ ಹಿಡಿದೆ. ಅದಕ್ಕೂ ಒಂದು ಪೂರ್ವಸಿದ್ಧತೆ ಇತ್ತು. 2019ರಿಂದ ಮೈಕ್ರೋಸಾಫ್ಟ್ ತನ್ನ ಅಪ್‌ಡೇಟ್‌ಗಳಿಗೆ ಶಾ-2 ಎಂಬ ಸಹಿಯನ್ನೇ ಬಳಸತೊಡಗಿದ್ದರಿಂದ, ಆ ಸಹಿಯನ್ನು ಗುರುತಿಸುವ ಅಪ್‌ಡೇಟನ್ನು 2008 ಆರ್2 ಮತ್ತು ವಿಂಡೋಸ್ 7ಗಳಿಗೆ ಮೊದಲು ಹಾಕಬೇಕಾಗಿತ್ತು. ಅದಾದ ಮೇಲೆ ಉಳಿದವು ಹತ್ತಿದವು, ರಿಮೋಟ್ ಡೆಸ್ಕ್‌ಟಾಪ್ ತೆರೆಯಿತು. ಆ ಸರ್ವರಿನಲ್ಲಿದ್ದ ಕೊನೆಯ ವರ್ಚುವಲ್ ಮಷಿನ್ ಸಾಗಿದ ಮೇಲೆ, 2020ರ ಜನವರಿಯ ಗಡುವಿಗೆ ಮುಂಚೆಯೇ ಅದನ್ನು ಶಾಶ್ವತವಾಗಿ ನಿಲ್ಲಿಸಿದೆವು.

ಅನಂತರ ಉಳಿದದ್ದು 2012 ಆರ್2ರಿಂದ 2016ಕ್ಕೆ ಸಾಗಣೆ. ಅದು ಸುಲಭವಾಗಿ ನಡೆಯಿತು, ಎಕ್ಸ್‌ಪೋರ್ಟ್ ಮತ್ತು ಇಂಪೋರ್ಟ್ ಎರಡೂ ಹೊಂದಿಕೊಳ್ಳುತ್ತವೆ. ಇಲ್ಲಿ ಎಚ್ಚರ ಬೇಕಾದದ್ದು ವರ್ಚುವಲ್ ಮಷಿನಿನ ಸಂರಚನೆಯ (ಕಾನ್ಫಿಗರೇಶನ್) ಆವೃತ್ತಿಯ ವಿಷಯದಲ್ಲಿ. 2012 ಆರ್2ರ ವರ್ಚುವಲ್ ಮಷಿನ್‌ಗಳ ಸಂರಚನೆ 5.0 ಆವೃತ್ತಿಯದು, 2016ರದ್ದು 8.0. 5.0ರದ್ದು 2016ರಲ್ಲಿ ಹಾಗೆಯೇ ಓಡುತ್ತದೆ. ಮ್ಯಾನೇಜರಿನಲ್ಲಿ ಬಲಗುಂಡಿ ಒತ್ತಿದರೆ ಸಂರಚನೆಯ ಆವೃತ್ತಿಯನ್ನು ಮೇಲೇರಿಸುವ ಆಯ್ಕೆ ಕಾಣುತ್ತದೆ, ಪವರ್‌ಶೆಲ್‌ನಲ್ಲಿ ಅದಕ್ಕೆ ಅಪ್‌ಡೇಟ್-ವಿಎಂವರ್ಷನ್ ಆಜ್ಞೆ ಇದೆ. ಆದರೆ ಏರಿದ ಮೇಲೆ ಇಳಿಯುವ ದಾರಿ ಇಲ್ಲ. ಸಂರಚನೆಯ ಕಡತವೇ ಎಕ್ಸ್‌ಎಂಎಲ್ ರೂಪದಿಂದ ವಿಎಂಸಿಎಕ್ಸ್ ಎಂಬ ಹೊಸ ರೂಪಕ್ಕೆ ಬದಲಾಗಿರುತ್ತದೆ, 2012 ಆರ್2 ಅದನ್ನು ಓದಲಾರದು. 2016ರ ಸರ್ವರಿಗೆ ಏನಾದರೂ ಆದರೆ 2012 ಆರ್2ರ ಮೇಲೆ ಲೆಕ್ಕ ನಡೆಸಬೇಕೆಂಬುದು ನಮ್ಮ ತುರ್ತು ಏರ್ಪಾಡಾಗಿದ್ದುದರಿಂದ, ಆ ಸರ್ವರ್ ಇರುವವರೆಗೆ ಲೆಕ್ಕಪತ್ರ ಮತ್ತು ಸದಸ್ಯರ ದತ್ತಾಂಶದ ವರ್ಚುವಲ್ ಮಷಿನ್‌ಗಳನ್ನು 5.0ರಲ್ಲಿಯೇ ಉಳಿಸಿದೆ. ಮಾರ್ಚ್ 31ರ ವರ್ಷಾಂತ್ಯದ ಹೊತ್ತಿನಲ್ಲಿ ಹಿಂದಕ್ಕೆ ಹೋಗುವ ದಾರಿ ಇಲ್ಲದೆ ಇರುವುದನ್ನು ನಾನು ಒಪ್ಪಲಾರೆ.

2012 ಆರ್2ರ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು, ಆಗ ಅದನ್ನೂ ನಿಲ್ಲಿಸಿದೆವು. ನನ್ನ ಮೇಜಿನ ವಿಂಡೋಸ್ 7 ಅದಕ್ಕೂ ಮೊದಲೇ ಹೋಗಿತ್ತು. ಅಷ್ಟರಲ್ಲಿ ಇನ್ನೊಂದು ಆವೃತ್ತಿಯ ಗೆರೆ ಎದುರಿಗೆ ಬಂದಿದೆ. ಸರ್ವರ್ 2019ರವರೆಗೆ 5.0 ಸಂರಚನೆಗೆ ಬೆಂಬಲವಿದೆ, ಸರ್ವರ್ 2022ರಿಂದ ಕನಿಷ್ಠ 8.0 ಬೇಕು. 2016ರ ಬೆಂಬಲ 2027ರ ಜನವರಿ 12ಕ್ಕೆ ಮುಗಿಯುತ್ತದೆ, ಅದರ ನಂತರ ನಾವು ತರುವ ಸರ್ವರ್ 2022 ಅಥವಾ ಅದಕ್ಕಿಂತ ಹೊಸದೇ ಆಗಿರುತ್ತದೆ. ಹಿಂದಕ್ಕೆ ಹೋಗಲು ಈಗ 2012 ಆರ್2 ಇಲ್ಲದ ಕಾರಣ 5.0ರಲ್ಲಿ ಉಳಿಸಿಕೊಳ್ಳುವ ಅಗತ್ಯವೂ ಇಲ್ಲ. ಸದಸ್ಯರ ದತ್ತಾಂಶದ ವರ್ಚುವಲ್ ಮಷಿನನ್ನು ಬ್ಯಾಕಪ್ ಪರೀಕ್ಷಿಸಿ 8.0ಕ್ಕೆ ಏರಿಸಿಯಾಗಿದೆ. ಲೆಕ್ಕಪತ್ರದ್ದು ಈ ಸಾಲಿನ ಲೆಕ್ಕ ಪರಿಶೋಧನೆ ಮುಗಿದ ಕೂಡಲೇ ಏರಲಿದೆ.